ಆ ಕಲೆಯನ್ನು ಮುಟ್ಟೆಂದು ಎಣಿಸಬಹುದೇ?

ಪ್ರಶ್ನೆ: ನನಗೆ 29 ವರ್ಷ. ಇನ್ನೆರಡು ವರ್ಷ ಮಗು ಬೇಡವೆಂದು ನಾನೂ ಪತಿಯೂ ಮಾತನಾಡಿಕೊಂಡಿದ್ದೇವೆ. ನನ್ನ ಮುಟ್ಟು 28 ದಿನಗಳಿಗೊಮ್ಮೆ ತಪ್ಪದೆ ಬಂದು ನಾಲ್ಕು ದಿನ ಇರುತ್ತದೆ. ಈ ಬಾರಿ 14ನೇ ದಿನ ಕಾಂಡೋಮ್ ಹರಿದಿತ್ತು. 26ನೇ ದಿನ ಕಂದು ಬಣ್ಣದ ಸ್ರಾವ ತುಸುವೇ ಕಾಣಿಸಿಕೊಂಡು ಮರುದಿನ ಮಧ್ಯಾಹ್ನಕ್ಕೆ ನಿಂತಿತು. ಸ್ರಾವ ಕಂಡ ದಿನವೇ ಕಿಟ್ ತಂದು ಪರೀಕ್ಷಿಸಿದಾಗ ಒಂದೇ ಗೆರೆ ಬಂತು. ಮುಟ್ಟಾಯಿತೆಂದು ಪತಿಗೆ ಹೇಳಿದೆ; ಅವರು ನಿರಾಳರಾದರು. ಇಂದಿಗೆ 31ನೇ ದಿನ, ಮತ್ತೆ ಏನೂ ಕಂಡಿಲ್ಲ. ಸ್ತನಗಳಲ್ಲಿ ಬಿಗುವಿದೆ. ಇನ್ನೊಮ್ಮೆ ಪರೀಕ್ಷಿಸಲು ಹೆದರಿಕೆ, ಪತಿಗೆ ಹೇಳಲು ಸಂಕೋಚ. ಅದು ಮುಟ್ಟೇ ಆಗಿರಬಹುದಲ್ಲವೇ?

ಉತ್ತರ: ಆಗಿರಬಹುದು. ಆದರೆ ಅದು ಮುಟ್ಟೇ ಎಂದು ನಂಬಲು ನೀವು ಆಧರಿಸಿರುವ ಎರಡು ಸಂಗತಿಗಳು, ಎಂದರೆ ಆ ಸ್ರಾವ ಮತ್ತು ಆ ಒಂಟಿ ಗೆರೆ, ಎರಡೂ ನಿಮ್ಮ ಪ್ರಶ್ನೆಗೆ ಉತ್ತರ ಕೊಡುವಷ್ಟು ಗಟ್ಟಿಯಾದವಲ್ಲ.

ಮೊದಲು ಗೆರೆಯ ವಿಷಯ. ಕಿಟ್ ಹುಡುಕುವುದು ಎಚ್‌ಸಿಜಿ ಎಂಬ ಹಾರ್ಮೋನನ್ನು. ಫಲಿತಗೊಂಡ ಅಂಡವು ಗರ್ಭಕೋಶದ ಒಳಪದರಕ್ಕೆ ಅಂಟಿಕೊಳ್ಳುವುದು ಸಾಮಾನ್ಯವಾಗಿ ಅಂಡೋತ್ಪತ್ತಿಯಾದ 6ರಿಂದ 12 ದಿನಗಳ ನಡುವೆ. ಅದಾದ ಮೇಲಷ್ಟೇ ಆ ಹಾರ್ಮೋನು ಕಿಟ್ ಗುರುತಿಸಬಲ್ಲ ಮಟ್ಟಕ್ಕೆ ಏರತೊಡಗುತ್ತದೆ, ಆರಂಭದ ವಾರಗಳಲ್ಲಿ ಸುಮಾರು ಎರಡು ಮೂರು ದಿನಗಳಿಗೊಮ್ಮೆ ಇಮ್ಮಡಿಯಾಗುತ್ತದೆ. ನೀವು ಪರೀಕ್ಷಿಸಿದ್ದು ಕಾಂಡೋಮ್ ಹರಿದ 12 ದಿನಗಳ ನಂತರ. ವೀರ್ಯಾಣುಗಳು ದೇಹದೊಳಗೆ ಐದು ದಿನಗಳವರೆಗೂ ಬದುಕಿರಬಲ್ಲವಾದ್ದರಿಂದ ಅಂಡ ಫಲಿತಗೊಂಡದ್ದು ಇನ್ನೂ ಕೆಲವು ದಿನ ತಡವಾಗಿಯೂ ಇದ್ದೀತು. ಇಲ್ಲಿ ಇನ್ನೊಂದು ತೊಡಕನ್ನು ಗಮನಿಸಿ: ನಿಮಗೆ ಕಂಡ ಕಂದು ಕಲೆ ಭ್ರೂಣ ಅಂಟಿಕೊಳ್ಳುವಾಗ ಆದ ಸ್ರಾವವೇ ಆಗಿದ್ದರೆ, ಅದೇ ದಿನ ಮಾಡಿದ ಪರೀಕ್ಷೆಗೆ ಸಿಗುವಂಥದ್ದು ಇನ್ನೂ ಏನೂ ಇರಲಿಲ್ಲ. ಕಲೆ ಕಂಡ ಕೂಡಲೇ ಪರೀಕ್ಷಿಸಿ ನಿಶ್ಚಿಂತರಾಗುವವರು ಬಹಳ ಮಂದಿ ಇದ್ದಾರೆ. ನೀವು ದಡ್ಡತನ ಮಾಡಿದಿರೆಂದು ಭಾವಿಸಬೇಕಿಲ್ಲ.

ಇನ್ನು ಸ್ರಾವ. ಒಂದು ಮುಟ್ಟಿನಲ್ಲಿ ಒಟ್ಟಾರೆ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್, ಎಂದರೆ ಎರಡು ಮೂರು ದೊಡ್ಡ ಚಮಚದಷ್ಟು ಮಾತ್ರ. ಹಾಗಾಗಿ ಕಡಿಮೆ ಎನ್ನಿಸಿದ ಮಾತ್ರಕ್ಕೆ ಅದು ಅಸಹಜವಾಗುವುದಿಲ್ಲ. ಆದರೆ ವರ್ಷಗಟ್ಟಲೆ ನಾಲ್ಕು ದಿನ ಬರುತ್ತಿದ್ದ ಮುಟ್ಟು ಎರಡು ಮೂರು ದಿನ ಮೊದಲೇ ಬಂದು, ಒಂದೂವರೆ ದಿನದಲ್ಲಿ ಕಲೆಯಾಗಿಯೇ ಮುಗಿದುಹೋದರೆ, ಅದನ್ನು ಲೆಕ್ಕಕ್ಕೆ ಸೇರಿಸುವ ಮೊದಲು ಅನುಮಾನಿಸುವುದೇ ಸರಿ. ಅಂಟಿಕೊಳ್ಳುವಾಗಿನ ಸ್ರಾವ ಹೆಚ್ಚಾಗಿ ನಸುಗೆಂಪು ಅಥವಾ ಕಂದು ಬಣ್ಣದ್ದು, ಗಡ್ಡೆಗಳಿಲ್ಲದ್ದು, ಕೆಲವು ಗಂಟೆಗಳಿಂದ ಒಂದೆರಡು ದಿನ ಇರುವಂಥದ್ದು. ಈ ವಿವರಣೆ ನಿಮ್ಮ ಪತ್ರಕ್ಕೆ ಹೊಂದುತ್ತದೆ, ನಿಜ. ಆದರೆ ಬಣ್ಣ ನೋಡಿ ಅದೇ ಎಂದು ಹೇಳಬಲ್ಲವರು ಯಾರೂ ಇಲ್ಲ. ನಿದ್ದೆಗೇಡು, ಮಾನಸಿಕ ಒತ್ತಡ, ಹಠಾತ್ತಾಗಿ ತೂಕ ಇಳಿಯುವುದು, ಥೈರಾಯ್ಡ್ ಏರುಪೇರು, ಅಂಡೋತ್ಪತ್ತಿಯಾಗದ ಒಂದು ತಿಂಗಳು, ಇವೆಲ್ಲವೂ ಸ್ರಾವವನ್ನು ತಗ್ಗಿಸಬಲ್ಲವು. ಸ್ತನಗಳ ಬಿಗುವು ಮುಟ್ಟು ಬರುವ ಮುನ್ನವೂ ಇರುತ್ತದೆ, ಬಸಿರಿನಲ್ಲೂ ಇರುತ್ತದೆ. ಕಾಂಡೋಮ್ ಹರಿದ ಮೇಲೆ ತುರ್ತು ಗರ್ಭನಿರೋಧಕ ಮಾತ್ರೆ ತೆಗೆದುಕೊಂಡಿರೋ ಇಲ್ಲವೋ ಎಂಬುದನ್ನು ನೀವು ಬರೆದಿಲ್ಲ. ತೆಗೆದುಕೊಂಡಿದ್ದರೆ ನಡುವೆ ಕಲೆ ಕಾಣುವುದೂ, ಮುಟ್ಟು ಕೆಲವು ದಿನ ಹಿಂದೆ ಮುಂದೆ ಆಗುವುದೂ ಸಾಮಾನ್ಯ. ಆಗಲೂ ಪರೀಕ್ಷೆ ಬಿಡುವಂತಿಲ್ಲ.

ಅಸುರಕ್ಷಿತ ಸಂಪರ್ಕವಾದ 21 ದಿನಗಳ ನಂತರ ಮಾಡಿದ ಮೂತ್ರಪರೀಕ್ಷೆಯನ್ನು ನೆಚ್ಚಬಹುದು. ನಿಮ್ಮ ಲೆಕ್ಕದಲ್ಲಿ ಅದು 35ನೇ ದಿನ. ಈ ಉತ್ತರ ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಕಳೆದಿರುತ್ತದೆ. ಬೆಳಗಿನ ಮೊದಲ ಮೂತ್ರದಲ್ಲಿ ಪರೀಕ್ಷಿಸಿ, ಕಿಟ್ಟಿನ ಮೇಲೆ ಬರೆದಷ್ಟೇ ನಿಮಿಷ ಕಾದು ನೋಡಿ. ಆ ಅವಧಿಯೊಳಗೆ ಮೂಡಿದ ಎರಡನೆಯ ಗೆರೆ ಎಷ್ಟೇ ಮಸುಕಾಗಿದ್ದರೂ ಅದನ್ನು ಗರ್ಭವೆಂದೇ ಪರಿಗಣಿಸಿ ವೈದ್ಯರನ್ನು ಕಾಣಿರಿ. ಒಂದೇ ಗೆರೆ ಬಂದು, ಮುಟ್ಟೂ ಬರದಿದ್ದರೆ ವಾರ ಬಿಟ್ಟು ಮತ್ತೊಮ್ಮೆ ನೋಡಿ. ಆಗಲೂ ಸ್ಪಷ್ಟವಾಗದಿದ್ದರೆ ವೈದ್ಯರು ರಕ್ತದಲ್ಲಿ ಎಚ್‌ಸಿಜಿಯನ್ನೂ ಅಗತ್ಯವಿದ್ದರೆ ಥೈರಾಯ್ಡನ್ನೂ ಪರೀಕ್ಷಿಸುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ವಾರಗಟ್ಟಲೆ ಕಾಯುವ ಪ್ರಶ್ನೆಯಿಲ್ಲ. ಗರ್ಭವು ಗರ್ಭಕೋಶದಲ್ಲಿ ನಿಲ್ಲದೆ ಅಂಡನಾಳದಲ್ಲಿ ನಿಂತಾಗಲೂ ಇಂಥದೇ ಅಲ್ಪ ಸ್ರಾವ ಕಾಣಿಸಬಹುದು, ಅದನ್ನು ಮುಟ್ಟೆಂದು ತಿಳಿಯುವುದೂ ಸುಲಭ. ಕೆಳಹೊಟ್ಟೆಯ ಒಂದೇ ಕಡೆ ತೀವ್ರವಾದ ನೋವು, ಭುಜದ ತುದಿಯಲ್ಲಿ ನೋವು, ತಲೆ ಸುತ್ತಿ ಕುಸಿಯುವಂತಾಗುವುದು, ಇವುಗಳಲ್ಲಿ ಒಂದು ಕಂಡರೂ ಗೆರೆಗಳ ಗೊಡವೆ ಬಿಟ್ಟು ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು. ಸ್ಕ್ಯಾನಿಂಗ್‌ನಲ್ಲಿ ಗರ್ಭ ಎಲ್ಲಿದೆ ಎಂದು ತಿಳಿಯದೆ ಔಷಧಿ ಅಂಗಡಿಯಿಂದ ಗರ್ಭಪಾತದ ಮಾತ್ರೆ ತಂದು ನುಂಗಬಾರದೆಂದು ಹೇಳುವುದಕ್ಕೂ ಮುಖ್ಯ ಕಾರಣ ಇದೇ.

ಪತಿಯ ವಿಷಯಕ್ಕೆ ಬರೋಣ. ನೀವು ಸುಳ್ಳು ಹೇಳಿಲ್ಲ. ಕಂಡದ್ದನ್ನು ಮುಟ್ಟೆಂದು ನಂಬಿ ಹೇಳಿದಿರಿ. ಖಚಿತವಾದ ಮೇಲೆ ಹೇಳಿದರಾಯಿತೆಂಬ ಯೋಚನೆ ಅರ್ಥವಾಗುವಂಥದ್ದೇ. ಆದರೂ ಪರೀಕ್ಷೆಗೆ ಮುಂಚಿನ ಸಂಜೆಯೇ ಹೇಳುವುದು ಲೇಸೆಂದು ನನ್ನ ಅಭಿಪ್ರಾಯ. “ಅಂದು ಮುಟ್ಟೆಂದುಕೊಂಡದ್ದು ಮುಟ್ಟಲ್ಲವೇನೋ ಎಂದು ಈಗ ಅನುಮಾನ, ನಾಳೆ ಬೆಳಗ್ಗೆ ನೋಡುತ್ತೇನೆ” ಎಂದರೆ ಸಾಕು. ಫಲಿತಾಂಶ ಬಂದ ಮೇಲೆ ಹೇಳಿದರೆ ಅವರು ಬಸಿರಿನ ಸುದ್ದಿಯನ್ನೂ ನಿಮ್ಮ ಇಷ್ಟು ದಿನಗಳ ಮೌನವನ್ನೂ ಒಟ್ಟಿಗೆ ಅರಗಿಸಿಕೊಳ್ಳಬೇಕಾಗುತ್ತದೆ. ಕಾಂಡೋಮ್ ಹರಿದದ್ದು ಇಬ್ಬರಿಗೂ ಗೊತ್ತಿರುವ ಸಂಗತಿ. ಕಾಯುವ ಕಷ್ಟವನ್ನು ಮಾತ್ರ ನೀವೊಬ್ಬರೇ ಏಕೆ ಹೊರಬೇಕು? ಎರಡು ಗೆರೆ ಬಂದರೆ ಮುಂದುವರಿಸುವುದೋ ಬೇಡವೋ ಎಂಬುದನ್ನು ಅವರೊಂದಿಗೆ ಮಾತನಾಡಿ ಯೋಚಿಸಿ, ಆದರೆ ಕೊನೆಯ ಮಾತು ನಿಮ್ಮದೇ. ಯಾವುದನ್ನು ಆರಿಸಿಕೊಂಡರೂ ಬೇಗ ತಿಳಿದಷ್ಟೂ ದಾರಿಗಳು ಹೆಚ್ಚು. ಮುಂದುವರಿಸುವ ಮನಸ್ಸಿದ್ದರೆ ಫೋಲಿಕ್ ಆಮ್ಲದ ಮಾತ್ರೆಯನ್ನು ತಡಮಾಡದೆ ಆರಂಭಿಸಬೇಕು. ಬೇರೆ ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ, ಅವರನ್ನು ಕೇಳದೆ ನಿಲ್ಲಿಸಬೇಡಿ; ಮೊಡವೆಗೆಂದು ಕೊಟ್ಟ ಐಸೊಟ್ರೆಟಿನಾಯಿನ್ ಆಗಿದ್ದರೆ ಮಾತ್ರ ಅದನ್ನು ಕೂಡಲೇ ನಿಲ್ಲಿಸಿ ವೈದ್ಯರಿಗೆ ತಿಳಿಸಿ.

ವೈದ್ಯರು ಕೊನೆಯ ಮುಟ್ಟಿನ ದಿನಾಂಕ ಕೇಳಿದಾಗ ಈ ಕಂದು ಕಲೆಯ ದಿನವನ್ನು ಹೇಳಬೇಡಿ. ಅದಕ್ಕೂ ಹಿಂದೆ ನಾಲ್ಕು ದಿನ ಸರಿಯಾಗಿ ಆದ ಮುಟ್ಟಿನ ಮೊದಲ ದಿನವನ್ನು ಹೇಳಿ, ಕಲೆಯ ವಿಷಯವನ್ನು ಬೇರೆಯಾಗಿ ತಿಳಿಸಿ. ಇಲ್ಲವಾದರೆ ಗರ್ಭದ ವಯಸ್ಸು ಸುಮಾರು ನಾಲ್ಕು ವಾರ ಕಡಿಮೆ ಲೆಕ್ಕವಾಗುತ್ತದೆ.