ಕೈ ಸರಿಯಾಗೇ ಇದೆ, ಇಂಕ್ ನೋಡಿಕೊಳ್ಳಿ: ಹ್ಯಾಲೋವೀನ್ ಕಾರ್ಡ್ ಪ್ರಶ್ನೋತ್ತರ

ಈ ಸಲ ಬಂದ ಪ್ರಶ್ನೆಗಳೆಲ್ಲ ಸ್ಟ್ಯಾಂಪ್ (ಇಂಕ್ ಹಚ್ಚಿ ಚಿತ್ರ ಒತ್ತುವ ಅಚ್ಚು) ಮತ್ತು ಸ್ಟೆನ್ಸಿಲ್ (ಚಿತ್ರದ ಆಕಾರದ ತೂತಿರುವ ಹಾಳೆ) ಬಳಸಿ ಮಾಡುವ ಶರತ್ಕಾಲದ ಕಾರ್ಡ್, ಹ್ಯಾಲೋವೀನ್ ಕಾರ್ಡ್‌ಗಳ ಬಗ್ಗೆ. ಪತ್ರ ಬರೆದವರಲ್ಲಿ ಎಷ್ಟೋ ಜನ "ನನ್ನ ಕೈಯೇ ಸರಿ ಇಲ್ಲ" ಅಂತ ಶುರು ಮಾಡಿದ್ದೀರಿ. ನೀವು ಹೇಳಿರುವ ತೊಂದರೆಗಳನ್ನು ಓದಿದರೆ ಕೈಯದೇನೂ ತಪ್ಪು ಕಾಣುತ್ತಿಲ್ಲ. ಇಂಕ್ ಜಾಸ್ತಿ ಆಗಿದೆ, ಇಲ್ಲವೇ ಆ ಕೆಲಸಕ್ಕೆ ಸಲ್ಲದ ಇಂಕ್ ಹಿಡಿದಿದ್ದೀರಿ, ಇಲ್ಲವೇ ಒಣಗಲು ಬಿಟ್ಟಿಲ್ಲ. ಅಷ್ಟೇ.

ಪ್ರಶ್ನೆ: ಮೇಡಂ, ನಾನು ಈ ಕೆಲಸಕ್ಕೆ ಹೊಸಬಳು. ಡೈ ಇಂಕ್, ಪಿಗ್ಮೆಂಟ್ ಇಂಕ್, ಎಂಬಾಸಿಂಗ್ ಇಂಕ್ ಅಂತ ಏನೇನೋ ಇವೆ. ಎಲ್ಲ ಒಂದೇ ಅಲ್ವಾ? ಮೊದಲು ಯಾವುದು ತಗೊಳ್ಳಲಿ?

ಒಂದೇ ಅಲ್ಲ. ಡೈ ಇಂಕ್ ಕಾಗದದ ಒಳಗೆ ಇಳಿಯುತ್ತದೆ, ಬೇಗ ಒಣಗುತ್ತದೆ, ಕೆಳಗಿರುವ ಬಣ್ಣ ಅದರ ಮೂಲಕ ಕಾಣುತ್ತದೆ. ಪಿಗ್ಮೆಂಟ್ ಇಂಕ್ ಕಾಗದದ ಮೇಲೆ ಕೂರುತ್ತದೆ, ಬಣ್ಣ ದಟ್ಟ, ಆದರೆ ಒಣಗೋದು ನಿಧಾನ. ನುಣುಪು ಲೇಪನ ಇರುವ ಕಾಗದದ ಮೇಲಂತೂ ಬಹಳ ಹೊತ್ತು ಒದ್ದೆಯಾಗೇ ಇರುತ್ತದೆ, ತೋಳು ತಾಗಿದರೆ ಮುಗಿಯಿತು. ಎಂಬಾಸಿಂಗ್ ಇಂಕ್ ಅಂದರೆ ಬಣ್ಣವಿಲ್ಲದ ಅಂಟಿನಂಥದ್ದು, ಅದರ ಮೇಲೆ ಪೌಡರ್ ಉದುರಿಸಿ ಕಾಯಿಸಬೇಕು, ಆಗ ಚಿತ್ರ ಉಬ್ಬಿ ನಿಲ್ಲುತ್ತದೆ.

ಮೊದಲಿಗೆ ಡೈ ಇಂಕ್ ಸಾಕು. ಕಪ್ಪು, ಹಳದಿ, ಕಿತ್ತಳೆ, ಕಡುಕೆಂಪು, ನೇರಳೆ ಇದ್ದರೆ ಶರತ್ಕಾಲವೂ ಆಯಿತು, ಹ್ಯಾಲೋವೀನೂ ಆಯಿತು. ಕಪ್ಪು ಇಂಕ್ ಮಾತ್ರ ಕೇಳಿ ತಗೊಳ್ಳಿ. ಗೆರೆ ಒತ್ತಿದ ಮೇಲೆ ವಾಟರ್‌ಕಲರ್ ತುಂಬುವುದಾದರೆ ನೀರಿಗೆ ಹರಡದ ಕಪ್ಪು ಬೇಕು, ಆಲ್ಕೊಹಾಲ್ ಮಾರ್ಕರ್ ಆದರೆ ಆಲ್ಕೊಹಾಲ್‌ಗೆ ಹರಡದ ಕಪ್ಪು ಬೇಕು. ಇದಕ್ಕೆ ಸಲ್ಲುವುದು ಅದಕ್ಕೆ ಸಲ್ಲಬೇಕೆಂದೇನಿಲ್ಲ, ಹಾಗಾಗಿ ಒಂದು ಚೂರು ಕಾಗದದ ಮೇಲೆ ಪರೀಕ್ಷೆ ಮಾಡಿಯೇ ಮುಂದೆ ಹೋಗಿ.

ಕಾಗದ 250ರಿಂದ 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಇರಲಿ. ಎ4 ಹಾಳೆಯನ್ನು ಅರ್ಧಕ್ಕೆ ಕತ್ತರಿಸಿ, ಆ ಅರ್ಧವನ್ನು ಮಡಿಸಿದರೆ 105 × 148 ಮಿಲಿಮೀಟರ್‌ನ ಎ6 ಕಾರ್ಡ್ ಸಿಗುತ್ತದೆ. ದಪ್ಪ ಕಾಗದಕ್ಕೂ ಒಂದು ಎಳೆ, ಅಂದರೆ ನಾರಿನ ದಿಕ್ಕು, ಇರುತ್ತದೆ, ಎರಡೂ ದಿಕ್ಕಿಗೆ ಮೆಲ್ಲಗೆ ಬಾಗಿಸಿ ನೋಡಿ, ಸಲೀಸಾಗಿ ಬಾಗುವ ದಿಕ್ಕಿಗೇ ಮಡಿಕೆ ಬರಲಿ. ಮಡಿಸುವ ಮೊದಲು ಮೊಂಡಾದ ತುದಿಯಿಂದ ಒಂದು ಗೀರು ಎಳೆದುಕೊಳ್ಳಿ, ಇಲ್ಲದಿದ್ದರೆ ಮಡಿಕೆಯಲ್ಲಿ ಕಾಗದ ಸಿಡಿದು ಬಿಳಿ ನಾರು ಕಾಣುತ್ತದೆ.

ಪ್ರಶ್ನೆ: ದೊಡ್ಡ ಕುಂಬಳಕಾಯಿ ಸ್ಟ್ಯಾಂಪ್ ತಗೊಂಡೆ, ಪಾರದರ್ಶಕವಾಗಿರುತ್ತಲ್ಲ, ಆ ಥರದ್ದು. ಒತ್ತಿದರೆ ನಡುವೆ ಅಲ್ಲಲ್ಲಿ ಬಿಳಿ ಮಚ್ಚೆ. ಜೋರಾಗಿ ಒತ್ತಿದರೆ ಅಂಚು ಹರಡುತ್ತೆ. ಏನು ಮಾಡಲಿ?

ಹೊಸ ಸ್ಟ್ಯಾಂಪ್ ಮೇಲೆ ತಯಾರಿಕೆಯ ಸಮಯದ ಒಂದು ಜಿಡ್ಡಿನ ಪದರ ಉಳಿದಿರುತ್ತದೆ. ಇಂಕ್ ಅದರ ಮೇಲೆ ಹರಡಿ ನಿಲ್ಲುವುದಿಲ್ಲ, ಹನಿಹನಿಯಾಗಿ ಕೂಡುತ್ತದೆ. ಪೆನ್ಸಿಲ್ ಅಳಿಸುವ ರಬ್ಬರ್‌ನಿಂದ ಸ್ಟ್ಯಾಂಪಿನ ಮುಖವನ್ನು ಮೆಲ್ಲಗೆ ಉಜ್ಜಿ. ಹೊಳಪು ಹೋಗಿ ಸ್ವಲ್ಪ ಮಂಕಾಗಬೇಕು. ಸ್ಟ್ಯಾಂಪನ್ನು ಅಕ್ರಿಲಿಕ್ ಬ್ಲಾಕ್‌ಗೆ (ಹಿಡಿದು ಒತ್ತಲು ಬಳಸುವ ಪಾರದರ್ಶಕ ಪ್ಲಾಸ್ಟಿಕ್ ತುಂಡು) ಅಂಟಿಸಿ, ಮೇಲ್ಮುಖವಾಗಿ ಹಿಡಿದು, ಇಂಕ್ ಪ್ಯಾಡನ್ನೇ ಸ್ಟ್ಯಾಂಪ್ ಮೇಲೆ ತಟ್ಟಿ. ಸ್ಟ್ಯಾಂಪನ್ನು ಪ್ಯಾಡಿಗೆ ಅದುಮಿದರೆ ಗೀರುಗಳ ಸಂದಿಗೂ ಇಂಕ್ ಇಳಿಯುತ್ತದೆ, ನಿಮ್ಮ ಅಂಚು ಹರಡುತ್ತಿರುವುದು ಅದಕ್ಕೇ.

ಇನ್ನು ಒತ್ತುವ ಬಗೆ. ಕಾಗದದ ಕೆಳಗೆ ತೆಳುವಾದ ಮೆತ್ತನೆಯ ಹಾಸು ಇರಲಿ, ಹಳೆಯ ಮೌಸ್ ಪ್ಯಾಡ್ ಆದರೂ ನಡೆಯುತ್ತದೆ. ಬ್ಲಾಕನ್ನು ನೇರವಾಗಿ ಇಳಿಸಿ, ಅಂಗೈಯಿಂದ ಎಲ್ಲ ಕಡೆ ಒಂದೇ ಸಮ ಒತ್ತಿ, ನೇರವಾಗಿ ಎತ್ತಿ. ಅತ್ತಿತ್ತ ತೂಗಬೇಡಿ. ಇಷ್ಟಾದರೂ ಮಚ್ಚೆ ಉಳಿದರೆ ಸ್ಟ್ಯಾಂಪನ್ನು ಅದೇ ಜಾಗಕ್ಕೆ ಮತ್ತೆ ಇಳಿಸುವ ಕೀಲಿನ ಸಾಧನ ಸಿಗುತ್ತದೆ, ಸ್ಟ್ಯಾಂಪಿಂಗ್ ಪ್ಲಾಟ್‌ಫಾರ್ಮ್ ಅಂತಾರೆ. ಅದರಲ್ಲಿ ಎರಡನೇ ಸಲ ಒತ್ತಿದರೆ ಕುಂಬಳಕಾಯಿ ತುಂಬಿಕೊಳ್ಳುತ್ತದೆ. ದಪ್ಪ ಮೈಯ ಸ್ಟ್ಯಾಂಪ್‌ಗಳಿಗೆ ಅದು ಬೇಕೇ ಬೇಕು ಅನ್ನೋದು ನನ್ನ ಅಭಿಪ್ರಾಯ. ಬರೀ ಗೆರೆಯ ಸ್ಟ್ಯಾಂಪ್‌ಗೆ ಸುಮ್ನೆ ದುಡ್ಡು ದಂಡ.

ಪ್ರಶ್ನೆ: ಸ್ಟೆನ್ಸಿಲ್ ಎತ್ತಿದಾಗಲೆಲ್ಲ ಬಾವಲಿಯ ರೆಕ್ಕೆ ಕೆಳಗೆ ಇಂಕ್ ನುಗ್ಗಿ ಬಾವಲಿ ಹೋಗಿ ಕಾಗೆ ಆಗಿರುತ್ತದೆ.

ಕಾಗೆಯೂ ಹ್ಯಾಲೋವೀನ್‌ಗೆ ನಡೆಯುತ್ತದೆ ಬಿಡಿ! ಬ್ರಶ್ ಒದ್ದೆಯಾಗಿದೆ, ಅದೇ ಕಾರಣ. ಬ್ಲೆಂಡಿಂಗ್ ಬ್ರಶ್‌ಗೆ (ಇಂಕ್ ಉಜ್ಜಿ ಹರಡುವ ಮೆತ್ತನೆಯ ಬ್ರಶ್) ಇಂಕ್ ಹಿಡಿಸಿದ ಮೇಲೆ ನೇರ ಕಾರ್ಡಿಗೆ ಹೋಗಬೇಡಿ. ಪಕ್ಕದ ರದ್ದಿ ಕಾಗದದ ಮೇಲೆ ನಾಲ್ಕು ಸುತ್ತು ಉಜ್ಜಿ. ಸ್ಟೆನ್ಸಿಲ್‌ನ ನಾಲ್ಕೂ ಅಂಚಿಗೆ ಜಾಸ್ತಿ ಅಂಟದ ಟೇಪ್ ಹಾಕಿ. ಆಮೇಲೆ ಬ್ರಶ್ಶನ್ನು ಸ್ಟೆನ್ಸಿಲ್‌ನ ಪ್ಲಾಸ್ಟಿಕ್ ಮೇಲೆಯೇ ಶುರು ಮಾಡಿ, ಸಣ್ಣ ಸಣ್ಣ ಸುತ್ತುಗಳಲ್ಲಿ ತೂತಿನ ಕಡೆ ತನ್ನಿ. ಮೊದಲ ಸುತ್ತಿಗೆ ಬಣ್ಣ ಹತ್ತಿದ ಹಾಗೇ ಕಾಣುವುದಿಲ್ಲ. ಅದೇ ಸರಿ. ತೆಳುವಾಗಿ ಐದಾರು ಪದರ ಹಾಕಿದರೆ ಕಡುಕಪ್ಪೂ ಬರುತ್ತದೆ, ಅಂಚೂ ಕತ್ತರಿಸಿದ ಹಾಗೆ ನಿಲ್ಲುತ್ತದೆ. ರೆಕ್ಕೆಯ ಚೂಪು ತುದಿಗಳನ್ನು ಇನ್ನೊಂದು ಕೈಯ ಬೆರಳಿಂದ ಅದುಮಿ ಹಿಡಿಯಿರಿ. ಅಲ್ಲಿ ಪ್ಲಾಸ್ಟಿಕ್ ಸ್ವಲ್ಪ ಮೇಲೆದ್ದಿರುತ್ತದೆ, ಇಂಕ್ ನುಗ್ಗುವ ಬಾಗಿಲು ಅದೇ.

ಟೆಕ್ಸ್ಚರ್ ಪೇಸ್ಟ್ (ಒಣಗಿದ ಮೇಲೆ ಉಬ್ಬಿ ನಿಲ್ಲುವ ದಪ್ಪ ಲೇಪ) ಹಾಕುವುದಾದರೆ ಮಾತ್ರ ಲೆಕ್ಕ ಉಲ್ಟಾ: ಒಂದೇ ಎಳೆತ, ಸ್ಟೆನ್ಸಿಲ್ ನೇರ ಮೇಲಕ್ಕೆ ಎತ್ತೋದು, ತಕ್ಷಣ ತೊಳೆಯೋದು. ಪೇಸ್ಟ್ ಒಣಗಿದ ಸ್ಟೆನ್ಸಿಲ್ ಮತ್ತೆ ಮೊದಲಿನಂತಾಗುವುದು ಕಷ್ಟ.

ಪ್ರಶ್ನೆ: ಸಂಜೆಯ ಆಕಾಶ ಮಾಡಲು ಹೋದೆ. ಕೆಳಗೆ ಕಿತ್ತಳೆ, ಮೇಲೆ ನೇರಳೆ. ಎರಡೂ ಸೇರುವ ಕಡೆ ಕೆಸರಿನ ಬಣ್ಣ ಬಂತು. ಬೇರೆಯವರ ಕಾರ್ಡಲ್ಲಿ ಅಷ್ಟು ಚೆಂದ ಬಂದಿರುತ್ತದಲ್ಲ!

ಅವರು ನಡುವೆ ಗುಲಾಬಿ ಇಟ್ಟಿರುತ್ತಾರೆ. ಕಿತ್ತಳೆಯೊಳಗೆ ಹಳದಿ ಇದೆ. ಹಳದಿ ಮತ್ತು ನೇರಳೆ ಒಂದಕ್ಕೊಂದು ಎದುರು ಬಣ್ಣಗಳು, ಸೇರಿದರೆ ಕಂದು ಬಿಟ್ಟು ಬೇರೇನೂ ಬರುವುದಿಲ್ಲ. ಕಿತ್ತಳೆಗೂ ಗುಲಾಬಿಗೂ ಹೊಂದುತ್ತದೆ, ಗುಲಾಬಿಗೂ ನೇರಳೆಗೂ ಹೊಂದುತ್ತದೆ. ಹಾಗಾಗಿ ಅದನ್ನು ನಡುವೆ ಕೂರಿಸಿ. ಬಣ್ಣ ಬಣ್ಣಕ್ಕೂ ಬೇರೆ ಬ್ರಶ್ ಇರಲಿ.

ಈ ಪ್ರಶ್ನೆ ಕೇಳಿದ್ದಕ್ಕೆ ನನಗೆ ಇಷ್ಟವಾದ ಒಂದು ಕಾರ್ಡನ್ನು ಪೂರ್ತಿ ಹೇಳಿಬಿಡುತ್ತೇನೆ. ಟೇಪಿನಲ್ಲೋ ಹಿಂಬದಿಯಲ್ಲಿ ಅಂಟಿರುವ ಕಾಗದದಲ್ಲೋ ಒಂದು ವೃತ್ತ ಕತ್ತರಿಸಿ, ಕಾರ್ಡಿನ ನಡುವಿಗಿಂತ ಸ್ವಲ್ಪ ಮೇಲೆ, ಒಂದು ಪಕ್ಕಕ್ಕೆ ಅಂಟಿಸಿ. ಅದು ಚಂದ್ರ. ಅದರ ಸುತ್ತ ಹಳದಿ ಉಜ್ಜಿ, ಅದರಾಚೆ ಕಿತ್ತಳೆ, ಆಮೇಲೆ ಗುಲಾಬಿ, ಕೊನೆಗೆ ಮೂಲೆಗಳಿಗೆ ನೇರಳೆ. ತಿಳಿ ಬಣ್ಣದಿಂದ ಗಾಢಕ್ಕೆ ಹೋಗಬೇಕು, ಹಿಂದಕ್ಕೆ ಬರಬೇಕಾದರೆ ತಿಳಿ ಬಣ್ಣದ ಬ್ರಶ್ಶನ್ನೇ ಹಿಡಿದು ಸೇರುವ ಗೆರೆಯ ಮೇಲೆ ಒಂದು ಸುತ್ತು ಬನ್ನಿ. ಈಗ ಬಿಳಿ ಅಕ್ರಿಲಿಕ್ ಬಣ್ಣಕ್ಕೆ ಸ್ವಲ್ಪ ನೀರು ಬೆರೆಸಿ, ಹಳೆಯ ಹಲ್ಲುಜ್ಜುವ ಬ್ರಶ್‌ಗೆ ತಾಗಿಸಿ, ಹೆಬ್ಬೆರಳಿಂದ ಮೀಟಿ. ಸಣ್ಣ ಚುಕ್ಕೆಗಳು ನಕ್ಷತ್ರ, ತಪ್ಪಿ ಬಿದ್ದ ದೊಡ್ಡ ಹನಿಗಳೂ ನಕ್ಷತ್ರವೇ. ಪೂರ್ತಿ ಒಣಗಲಿ. ಆಮೇಲೆ ವೃತ್ತ ಕಿತ್ತರೆ ಬಿಳಿ ಚಂದ್ರ ಸಿಗುತ್ತದೆ. ಕೆಳಗೆ ಕಪ್ಪು ಇಂಕಿನಲ್ಲಿ ಒಂದು ಒಣ ಮರ, ಚಂದ್ರನ ಅಂಚಿಗೆ ತಾಗುವ ಹಾಗೆ ಒಂದೇ ಒಂದು ಬಾವಲಿ ಒತ್ತಿ. ಇಲ್ಲಿಗೆ ನಿಲ್ಲಿಸಿ. ಮಾಟಗಾತಿ, ಬೆಕ್ಕು, ಜೇಡರಬಲೆ ಎಲ್ಲ ಸೆಟ್‌ನಲ್ಲಿ ಇವೆ ಅಂತ ಎಲ್ಲವನ್ನೂ ಹತ್ತಿಸಿದರೆ ಚಂದ್ರನನ್ನು ಯಾರೂ ನೋಡುವುದಿಲ್ಲ.

ಪ್ರಶ್ನೆ: ನನಗೆ ದೆವ್ವ, ತಲೆಬುರುಡೆ ಇಷ್ಟವಿಲ್ಲ. ಬರೀ ಉದುರಿದ ಎಲೆಗಳ ಕಾರ್ಡ್ ಮಾಡಬೇಕು. ಆದರೆ ಒತ್ತಿದ ಎಲೆಗಳೆಲ್ಲ ಒಂದೇ ಥರ, ಜೀವವೇ ಇಲ್ಲ.

ಒಂದೇ ಬಣ್ಣದಲ್ಲಿ ಒತ್ತಿದ್ದೀರಿ, ಅಲ್ವಾ? ನಿಜವಾದ ಎಲೆ ಹಾಗಿರುವುದಿಲ್ಲ. ಚಳಿ ಹತ್ತಿರ ಬಂದಂತೆ ಎಲೆಯ ಹಸಿರು, ಅಂದರೆ ಕ್ಲೋರೋಫಿಲ್, ಕರಗುತ್ತದೆ. ಅಷ್ಟು ದಿನ ಅದರ ಹಿಂದೆ ಅಡಗಿದ್ದ ಹಳದಿ, ಕಿತ್ತಳೆ ಆಗ ಕಾಣುತ್ತದೆ. ಮೇಪಲ್‌ನಂಥ ಮರಗಳಲ್ಲಿ ಕೆಂಪು ಮಾತ್ರ ಆ ದಿನಗಳಲ್ಲೇ ಹೊಸದಾಗಿ ತಯಾರಾಗುತ್ತದೆ. ಇದೆಲ್ಲ ಎಲೆಯ ಪೂರ್ತಿ ಮೈಯಲ್ಲಿ ಒಟ್ಟಿಗೆ ಆಗುವುದಿಲ್ಲ, ಎಷ್ಟೋ ಎಲೆಗಳಲ್ಲಿ ಅಂಚು ಕೆಂಪಾಗಿದ್ದರೂ ನರಗಳ ಸುತ್ತ ಹಸಿರು ಉಳಿದಿರುತ್ತದೆ.

ಅದನ್ನೇ ಸ್ಟ್ಯಾಂಪ್ ಮೇಲೆ ಮಾಡಿ. ಮೊದಲು ಇಡೀ ಎಲೆಗೆ ಹಳದಿ ತಟ್ಟಿ. ಪ್ಯಾಡಿನ ಮೂಲೆಯಿಂದ ಅಂಚಿಗಷ್ಟೇ ಕಿತ್ತಳೆ, ತುದಿಗಳಿಗೆ ಕಡುಕೆಂಪು. ಇಷ್ಟು ಹೊತ್ತಿಗೆ ಹಳದಿ ಅರ್ಧ ಒಣಗಿರುತ್ತದೆ, ಆದ್ದರಿಂದ ಬಾಯಿ ಅಗಲ ಮಾಡಿ ಸ್ಟ್ಯಾಂಪ್ ಮೇಲೆ "ಹಾ" ಅಂತ ಬಿಸಿ ಉಸಿರು ಬಿಡಿ. ಆ ತೇವಕ್ಕೆ ಡೈ ಇಂಕ್ ಮತ್ತೆ ಜೀವ ತಳೆಯುತ್ತದೆ. ಒತ್ತಿ. ಮತ್ತೆ ಇಂಕ್ ಹಾಕದೆ, ಇನ್ನೊಂದು ಸಲ ಉಸಿರು ಬಿಟ್ಟು ಪಕ್ಕದಲ್ಲಿ ಒತ್ತಿ. ಎರಡನೆಯದು ಮಾಸಿದಂತೆ ಬರುತ್ತದೆ, ಹಿಂದೆ ದೂರದಲ್ಲಿ ಬಿದ್ದ ಎಲೆಯ ಹಾಗೆ ಕಾಣುತ್ತದೆ. ಎಲೆಗಳ ದಿಕ್ಕು ಬದಲಿಸಿ, ಒಂದೆರಡು ಎಲೆ ಕಾರ್ಡಿನ ಅಂಚಿನಾಚೆ ಅರ್ಧ ಹೋಗಿಬಿಡಲಿ.

ಪ್ರಶ್ನೆ: ಮಕ್ಕಳ ಜೊತೆ ಮಾಡಬೇಕು, ಸ್ಟ್ಯಾಂಪ್ ಕೊಳ್ಳುವ ಮನಸ್ಸಿಲ್ಲ. ಏನಾದರೂ ದಾರಿ?

ನಿಜವಾದ ಎಲೆಯನ್ನೇ ಸ್ಟ್ಯಾಂಪ್ ಮಾಡಿಕೊಳ್ಳಿ. ತೀರಾ ಒಣಗಿದ್ದು ಬೇಡ, ಪುಡಿಯಾಗುತ್ತದೆ. ಮೆತ್ತಗಿರುವ ಎಲೆಯನ್ನು ದಪ್ಪ ಪುಸ್ತಕದಡಿ ಸ್ವಲ್ಪ ಹೊತ್ತು ಇಟ್ಟು ಚಪ್ಪಟೆ ಮಾಡಿ. ಇಂಕ್ ಹಚ್ಚಬೇಕಾದ್ದು ಹಿಂಬದಿಗೆ, ನರಗಳು ಎದ್ದು ಕಾಣುವುದು ಅಲ್ಲೇ. ಕಾರ್ಡಿನ ಮೇಲಿಟ್ಟು, ಮೇಲೊಂದು ಕಾಗದ ಮುಚ್ಚಿ ಬೆರಳಿಂದ ತೀಡಿ. ಮಕ್ಕಳಿಗೆ ಕಾಗದ ಎತ್ತುವ ಕ್ಷಣ ಬಿಟ್ಟುಕೊಡಿ.

ಸ್ಟೆನ್ಸಿಲ್ ಕೂಡ ಮನೆಯಲ್ಲೇ ಆಗುತ್ತದೆ. ಗಟ್ಟಿ ಪ್ಲಾಸ್ಟಿಕ್ ಹಾಳೆಯ ಮೇಲೆ ಕುಂಬಳಕಾಯಿಯ ಮುಖ ಬರೆದು ಕಟರ್‌ನಿಂದ ಕತ್ತರಿಸಿ. ಕತ್ತರಿಸುವ ಕೆಲಸ ದೊಡ್ಡವರದು. ಕುಂಬಳಕಾಯಿಯ ಆಕಾರವೇ ತೂತಾದರೆ ಅದರೊಳಗಿನ ಕಣ್ಣು, ಬಾಯಿ ಬಿದ್ದುಹೋಗುತ್ತವೆ, ಹಾಗಾಗಿ ಅವುಗಳನ್ನು ಹೊರಗಿನ ಪ್ಲಾಸ್ಟಿಕ್‌ಗೆ ಕಟ್ಟುವ ಸಣ್ಣ ಸೇತುವೆಗಳನ್ನು ಬಿಡಬೇಕು. ಜಾಣತನ ಏನೆಂದರೆ ಕುಂಬಳಕಾಯಿಯ ಉದ್ದುದ್ದ ಗೀರುಗಳನ್ನೇ ಸೇತುವೆ ಮಾಡಿಬಿಡೋದು. ನೋಡಿದವರಿಗೆ ಚಿತ್ರದ ಭಾಗ ಅನ್ನಿಸುತ್ತದೆ. ಅಳಿಸುವ ರಬ್ಬರ್ ಕೊರೆದು ಅಕ್ಷರದ ಸ್ಟ್ಯಾಂಪ್ ಮಾಡುವುದಾದರೆ ಕನ್ನಡಿಯಲ್ಲಿ ಕಾಣುವ ಹಾಗೆ ಉಲ್ಟಾ ಕೊರೆಯಿರಿ.

ಪ್ರಶ್ನೆ: ಕಪ್ಪು ಕಾರ್ಡ್ ಮೇಲೆ ಬಿಳಿ ದೆವ್ವ ಒತ್ತಿದೆ. ಒದ್ದೆಯಿದ್ದಾಗ ಬಿಳಿ ಇತ್ತು, ಒಣಗಿದ ಮೇಲೆ ಬೂದಿ ಬಣ್ಣ.

ಬಿಳಿ ಪಿಗ್ಮೆಂಟ್ ಇಂಕ್ ಕೂಡ ಕಪ್ಪಿನ ಮೇಲೆ ಮಂಕಾಗುವುದುಂಟು. ಹೀಟ್ ಎಂಬಾಸಿಂಗ್ ಮಾಡಿ. ಮೊದಲು ಕಾರ್ಡ್ ಮೇಲೆ ಆಂಟಿಸ್ಟ್ಯಾಟಿಕ್ ಪೌಡರ್ ಸವರಿ, ಇಲ್ಲದಿದ್ದರೆ ಬಿಳಿ ಕಣಗಳು ಎಲ್ಲೆಂದರಲ್ಲಿ ಅಂಟಿ ಕಪ್ಪು ಮೈಯೆಲ್ಲ ಹಾಳು. ಎಂಬಾಸಿಂಗ್ ಇಂಕಿನಲ್ಲಿ ಒತ್ತಿ, ಬಿಳಿ ಪೌಡರ್ ಸುರಿದು, ಕಾರ್ಡ್ ಬಗ್ಗಿಸಿ ಹಿಂದಿನಿಂದ ಬೆರಳಲ್ಲಿ ತಟ್ಟಿ. ಹೀಟ್ ಗನ್ (ಬಿಸಿ ಗಾಳಿ ಊದುವ ಸಾಧನ) ಮೊದಲು ಬೇರೆ ಕಡೆ ತಿರುಗಿಸಿ ಪೂರ್ತಿ ಕಾಯಲು ಬಿಡಿ, ಆಮೇಲೆ ಕಾರ್ಡಿನತ್ತ ತನ್ನಿ. ಒರಟಾಗಿದ್ದ ಪೌಡರ್ ಒಂದು ಮೂಲೆಯಿಂದ ಕರಗಿ ಹೊಳೆಯುತ್ತಾ ಮುಂದೆ ಸಾಗುತ್ತದೆ, ಆ ಹೊಳಪಿನ ಹಿಂದೆಯೇ ಗನ್ ಸರಿಯಬೇಕು. ಹೊಳೆದ ಜಾಗವನ್ನು ಮತ್ತೆ ಕಾಯಿಸಿದರೆ ಪೌಡರ್ ಕಾಗದದೊಳಗೆ ಇಳಿದು ಚಪ್ಪಟೆಯಾಗುತ್ತದೆ. ಹೇರ್ ಡ್ರೈಯರ್‌ನಿಂದ ಆಗುವುದಿಲ್ಲ, ಅದು ಪೌಡರನ್ನು ಕರಗಿಸುವ ಮೊದಲು ಹಾರಿಸಿಬಿಡುತ್ತದೆ.

ಪ್ರಶ್ನೆ: ಹ್ಯಾಲೋವೀನ್‌ಗೆ ಕಾರ್ಡ್ ಕಳಿಸೋದು ಈಚಿನ ಫ್ಯಾಷನ್ನಾ? ಕುಂಬಳಕಾಯಿಯೇ ಯಾಕೆ?

ಈಚಿನದಲ್ಲ. ಅಮೆರಿಕದಲ್ಲಿ 20ನೇ ಶತಮಾನದ ಆರಂಭದಲ್ಲಿ ಹ್ಯಾಲೋವೀನ್ ಪೋಸ್ಟ್‌ಕಾರ್ಡ್‌ಗಳ ಹುಚ್ಚೇ ಇತ್ತು. 1907ರಲ್ಲಿ ಅಲ್ಲಿನ ಅಂಚೆ ಇಲಾಖೆ ವಿಳಾಸದ ಬದಿಯಲ್ಲೇ ಒಕ್ಕಣೆಯನ್ನೂ ಬರೆಯಲು ಬಿಟ್ಟಿತು, ಹಾಗಾಗಿ ಮುಂದಿನ ಬದಿ ಪೂರ್ತಿ ಚಿತ್ರಕ್ಕೇ ಸಿಕ್ಕಿತು. ಎಲೆನ್ ಕ್ಲ್ಯಾಪ್‌ಸ್ಯಾಡಲ್ ಎಂಬ ಚಿತ್ರಗಾರ್ತಿ ಬರೆದ ಕಾರ್ಡ್‌ಗಳನ್ನು ಹುಡುಕಿ ಸಂಗ್ರಹಿಸುವವರು ಈಗಲೂ ಇದ್ದಾರೆ. ಆ ಕಾಲದ ಕಾರ್ಡ್‌ಗಳಲ್ಲಿ ರಕ್ತ, ಭಯ ಕಡಿಮೆ. ಮುದ್ದು ಮಕ್ಕಳು, ಕಪ್ಪು ಬೆಕ್ಕು, ಕನ್ನಡಿಯಲ್ಲಿ ಮುಂದೆ ಕೈಹಿಡಿಯುವವನ ಮುಖ ಹುಡುಕುವ ಹುಡುಗಿ, ಇಂಥವೇ. ಎಲೆಗಳ ಕಾರ್ಡ್ ಕೇಳಿದವರು ಅವನ್ನು ನೋಡಿದರೆ ಹ್ಯಾಲೋವೀನ್ ಮೇಲಿನ ಮುನಿಸು ಬಿಟ್ಟಾರು.

ಕುಂಬಳಕಾಯಿಗೆ ಮೊದಲು ಟರ್ನಿಪ್ ಎಂಬ ಗಡ್ಡೆ ತರಕಾರಿ ಇತ್ತು. ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಟರ್ನಿಪ್ ಕೊರೆದು ಒಳಗೆ ದೀಪ ಇಡುತ್ತಿದ್ದರು. ಅಲ್ಲಿಂದ ಅಮೆರಿಕಕ್ಕೆ ವಲಸೆ ಹೋದವರಿಗೆ ದೊಡ್ಡದಾದ, ಕೊರೆಯಲು ಸುಲಭವಾದ ಕುಂಬಳಕಾಯಿ ಸಿಕ್ಕಿತು. ನಿಮ್ಮ ಕಾರ್ಡಿನಲ್ಲಿ ಒಂದು ಸಲ ಸೊಟ್ಟ ಮೂತಿಯ ಟರ್ನಿಪ್ ಬಿಡಿಸಿ ನೋಡಿ, ಕುಂಬಳಕಾಯಿಗಿಂತ ಅದೇ ಹೆಚ್ಚು ಹೆದರಿಸುತ್ತದೆ.

ಪ್ರಶ್ನೆ: ಸ್ಟ್ಯಾಂಪ್‌ಗೆ ಕಪ್ಪು ಕಲೆ ಹಿಡಿದಿದೆ, ಹಾಳಾಯಿತಾ?

ಇಲ್ಲ. ಪಾರದರ್ಶಕ ಸ್ಟ್ಯಾಂಪ್‌ಗೆ ಕಲೆ ಹಿಡಿಯುವುದು ಮಾಮೂಲು, ಒತ್ತುವುದಕ್ಕೆ ತೊಂದರೆಯಿಲ್ಲ. ಸಾಬೂನು ನೀರು, ಒದ್ದೆ ಬಟ್ಟೆ ಸಾಕು. ತೀಕ್ಷ್ಣ ದ್ರಾವಕ ಹಾಕಬೇಡಿ, ಬಿಸಿಲಲ್ಲಿ ಒಣಗಿಸಬೇಡಿ.

ಪ್ರಶ್ನೆ: ಕಾರ್ಡನ್ನು ಚೌಕಾಕಾರ ಮಾಡಿ, ಮೇಲೆ ಮಣಿ, ಗುಂಡಿ ಅಂಟಿಸಿ ಅಮೆರಿಕದಲ್ಲೇ ಇರುವ ಗೆಳತಿಗೆ ಅಲ್ಲಿಂದಲೇ ಅಂಚೆಯಲ್ಲಿ ಕಳಿಸಬಹುದಾ?

ಕಳಿಸಬಹುದು, ಆದರೆ ಜಾಸ್ತಿ ಅಂಚೆ ಶುಲ್ಕ ಕಟ್ಟಬೇಕು. ಅಲ್ಲಿನ ವಿಂಗಡಣೆ ಯಂತ್ರಗಳಿಗೆ ಚೌಕಾಕಾರದ ಲಕೋಟೆಯೂ ಒಗ್ಗುವುದಿಲ್ಲ, ಒಳಗೆ ಉಬ್ಬಿಕೊಂಡಿರುವ ವಸ್ತುವೂ ಒಗ್ಗುವುದಿಲ್ಲ. ಕಾಲು ಇಂಚಿಗಿಂತ ದಪ್ಪವಾದರೆ ಅದನ್ನು ಪತ್ರ ಅಂತಲೇ ಲೆಕ್ಕ ಹಿಡಿಯುವುದಿಲ್ಲ. ಮಣಿ ಬಿಟ್ಟು, ಆ ಜಾಗದಲ್ಲಿ ಎಂಬಾಸಿಂಗ್ ಮಾಡಿದ ಚುಕ್ಕೆಗಳನ್ನಿಡಿ. ಆಯತಾಕಾರದ ಕಾರ್ಡೇ ಇರಲಿ. ಎ6 ಕಾರ್ಡ್ ಆದರೆ 114 × 162 ಮಿಲಿಮೀಟರ್‌ನ ಸಿ6 ಲಕೋಟೆ ಸರಿಹೋಗುತ್ತದೆ. ಪಿಗ್ಮೆಂಟ್ ಇಂಕ್ ಬಳಸಿದ್ದರೆ ಮಾತ್ರ ಒಂದು ರಾತ್ರಿ ಹಾಗೇ ತೆರೆದಿಟ್ಟು, ಬೆಳಿಗ್ಗೆ ಲಕೋಟೆಗೆ ಹಾಕಿ.