ಈಡಿಪಸ್ ನಾಟಕದ ವಸ್ತು ಮತ್ತು ಐರನಿಯನ್ನು ಪರೀಕ್ಷೆಯಲ್ಲಿ ಹೇಗೆ ಬರೆಯಬೇಕು?

ಸೋಫೋಕ್ಲಿಸ್‌ನ ಗ್ರೀಕ್ ನಾಟಕ 'ಈಡಿಪಸ್' ಬಗ್ಗೆ 10 ಅಂಕದ ಪ್ರಶ್ನೆಗೆ ಎರಡು ಪಟ್ಟಿ ಕೇಳಿದ್ದೀರಿ: ವಸ್ತುವಿನದೊಂದು, ಐರನಿಯದೊಂದು (ಪಾತ್ರಕ್ಕೆ ಗೊತ್ತಿಲ್ಲದ್ದು ನೋಡುವವರಿಗೆ ಗೊತ್ತಿರೋದೇ ಇಲ್ಲಿ ಐರನಿ). ಕಲಬುರಗಿಯಲ್ಲಿ ಎಂ.ಎ. ಓದುವಾಗ ನಾನೂ ಅದೇ ಬಾಯಿಪಾಠ ಮಾಡಿದ್ದೆ: ವಿಧಿ, ಕುರುಡು, ಅಹಂಕಾರ. ಅಂಕ ಬಂದವು. ನಾಟಕ ತಲೆಗೆ ಹತ್ತಿಲ್ಲ ಅಂತ ಗೊತ್ತಾಗಿದ್ದು ಅದನ್ನ ಗೆಳೆಯರ ಜೊತೆ ಆಡಿಸಿದಾಗ.

ನಿರ್ದೇಶನ ನನ್ನದು. ಎಡವಿದ್ದೂ ನಾನೇ. ನಮ್ಮ ಜನಕ್ಕೆ ಗ್ರೀಕ್ ಕಥೆ ಗೊತ್ತಿಲ್ಲ, ಗುಟ್ಟು ಕೊನೆಗೇ ಒಡೆಯಲಿ, ಪತ್ತೇದಾರಿ ಸಿನಿಮಾ ಥರ ಕೂತು ನೋಡ್ತಾರೆ ಅಂದುಕೊಂಡೆ. 'ಲೇಯಸ್ ದೊರೆಯನ್ನು ಕೊಂದವರಾರು?' ಅಂತ ಪೋಸ್ಟರ್ ಬೇರೆ. ಲೇಯಸ್ ಅಂದರೆ ಈಡಿಪಸ್‌ಗಿಂತ ಮುಂಚಿನ ದೊರೆ, ಅವನ ಕೊಲೆಗಾರನನ್ನ ಈಡಿಪಸ್ಸೇ ಹುಡುಕುತ್ತಿರುತ್ತಾನೆ. ಕುರುಡ ಕಣಿಗಾರ ಟೈರೀಸಿಯಸ್ ನಾಟಕದ ಶುರುವಿನಲ್ಲೇ ಈಡಿಪಸ್‌ಗೆ 'ನೀನೇ ಕೊಲೆಗಾರ' ಅಂತಾನಲ್ಲ, ಆ ಮಾತನ್ನೇ ಕತ್ತರಿಸಿ ಹಾಕಿದೆ! ಈಡಿಪಸ್ ಕೊಲೆಗಾರನಿಗೆ ಶಾಪ ಹಾಕುವಾಗ ಮುಂದಿನ ಸಾಲಿನವರು ಶೇಂಗಾ ಸುಲಿಯುತ್ತಿದ್ದರು. ಕಣ್ಣು ಚುಚ್ಚಿಕೊಂಡು ಹೊರಗೆ ಬಂದಾಗ ಹಿಂದಿನಿಂದ ಯಾರೋ ನಕ್ಕರು. ಮೂರು ತಿಂಗಳ ತಾಲೀಮು ನೀರುಪಾಲಾಯಿತು.

ಮುಂದಿನ ಪ್ರದರ್ಶನ ಜೇವರ್ಗಿ ಕಡೆಯ ಗೆಳೆಯನ ಊರ ಜಾತ್ರೆಯಲ್ಲಿ. ಅವನ ಅಜ್ಜಿ, ನಾವೆಲ್ಲ ಆಯಿ ಅಂತಿದ್ದೆವು, "ಕಥಿ ಏನೋ ತಮ್ಮಾ?" ಅಂದರು. ಕೊನೆ ಹೇಳಲ್ಲ ಅಂದೆ. "ಕೀಚಕ ಸಾಯ್ತಾನಂತ ಗೊತ್ತಿದ್ದೇ ಬೆಳತನಕ ದೊಡ್ಡಾಟ ನೋಡಲ್ಲೇನು ನಾವು?" ಅಂತ ಬೈದರು.

ಅವತ್ತು ರಾತ್ರಿ ಪೂರ್ತಿ ಕಥೆ ಮೊದಲೇ ಹೇಳಿಸಿದೆ. ಅಪ್ಪ ಲೇಯಸ್‌ನನ್ನ ಗೊತ್ತಿಲ್ಲದೇ ಕೊಂದವನು, ತಾಯಿ ಯೊಕಾಸ್ಟಾಳನ್ನ ಮದುವೆಯಾದವನು, ಈ ಈಡಿಪಸ್ಸೇ. ಆಮೇಲೆ ಶಾಪ ಬಂತು: ಕೊಲೆಗಾರ ನನ್ನ ಮನೆಯಲ್ಲೇ ಇದ್ದು, ಅದು ನನಗೆ ಗೊತ್ತಿದ್ದರೆ, ಈ ಶಾಪ ನನಗೇ ತಟ್ಟಲಿ. ಕತ್ತಲಲ್ಲಿ ಒಬ್ಬಾಕೆ, "ಅಯ್ಯೋ ನನ್ನಪ್ಪಾ, ನಿನಗ ನೀನೇ ಹಾಕ್ಕೊಳ್ಳಲತ್ತೀಯಲ್ಲೋ!" ಅಂದಳು. ನಮ್ಮ ಈಡಿಪಸ್ ಮುಂದಿನ ಮಾತು ಮರೆತು ನಿಂತುಬಿಟ್ಟ. ಸುಮಾರು 2,400 ವರ್ಷಗಳ ಹಿಂದೆ ಸೋಫೋಕ್ಲಿಸ್ ಬರೆದಾಗ ಅಥೆನ್ಸಿನವರಿಗೂ ಈ ಕಥೆ ಮೊದಲೇ ಗೊತ್ತಿತ್ತು. ಅದನ್ನ ನಂಬಿಯೇ ಅವನು ಮಾತು ಕಟ್ಟಿದ್ದು.

ಅದಕ್ಕೇ ವಸ್ತು ಬೇರೆ, ಐರನಿ ಬೇರೆ ಅಂತ ಬರೆಯಬೇಡಿ. 'ಎಲ್ಲಾ ವಿಧಿಯಾಟ' ಅಂತ ಮುಗಿಸಲೂಬೇಡಿ, ಗೈಡುಗಳ ಸೋಮಾರಿತನ ಅದು. ಕೊಲೆ, ಮದುವೆ ಭವಿಷ್ಯವಾಣಿಯಲ್ಲಿ ಇದ್ದವು, ಸರಿ. ಆದರೆ ಯೊಕಾಸ್ಟಾ ಇನ್ನು ಕೇಳಬೇಡ ಅಂತ ಬೇಡಿಕೊಂಡಳು. ಹಸುಗೂಸು ಈಡಿಪಸ್‌ನನ್ನ ಸಾಯದಂತೆ ಉಳಿಸಿದ್ದ ಕುರುಬನೂ ಬೇಡಿಕೊಂಡ. ಅವನ ಕೈ ಹಿಂದಕ್ಕೆ ಕಟ್ಟಿಸಿ ಬಾಯಿ ಬಿಡಿಸಿದ್ದು ಈಡಿಪಸ್ಸೇ, ವಿಧಿ ಅಲ್ಲ.

ಒಂದೇ ಉದಾಹರಣೆ ಬೇಕಾದರೆ ಕೊರಿಂಥದಿಂದ ಬಂದ ದೂತ ಸಾಕು. ನಿನ್ನ ಸಾಕಿದ ಕೊರಿಂಥದ ದೊರೆ ಪಾಲಿಬಸ್ ನಿನ್ನ ಹೆತ್ತ ಅಪ್ಪನೇ ಅಲ್ಲ, ಹೆದರಬೇಡ ಅಂತ ಸಮಾಧಾನ ಹೇಳೋಕೆ ಹೋಗಿ ಎಲ್ಲಾ ಬಿಚ್ಚಿಬಿಡ್ತಾನೆ. ಅರಿಸ್ಟಾಟಲ್ ಕೂಡ ಕಥೆ ತಿರುವು ಪಡೆಯೋದಕ್ಕೆ ಇವನನ್ನೇ ತೋರಿಸಿದ್ದು.

ಲಂಕೇಶರ ಅನುವಾದ ಸಿಕ್ಕರೆ ಮನೆಯವರ ಮುಂದೆ ಜೋರಾಗಿ ಓದಿ. ಕಥೆ ಮಾತ್ರ ಮೊದಲೇ ಹೇಳಿಬಿಡಿ.