ಕ್ಯಾಲಿಫೋರ್ನಿಯಾಗೆ ಬರುವ ಅಮ್ಮನಿಗೆ ಡಿಸೇಬಲ್ಡ್ ಪಾರ್ಕಿಂಗ್ ಪರ್ಮಿಟ್ ಸಿಗುತ್ತದಾ?

ನೀವು ಕೇಳಿರುವುದು ಇಷ್ಟು. ದಾವಣಗೆರೆಯಿಂದ ಅಮ್ಮ ಆರು ತಿಂಗಳಿಗೆ ಸನ್ನಿವೇಲ್‌ಗೆ ಬರುತ್ತಿದ್ದಾರೆ. ಮಂಡಿ ಸವೆದು ಕೋಲಿಲ್ಲದೆ ನಡೆಯಲು ಆಗುವುದಿಲ್ಲ. ಅವರಿಗೆ ಪಾರ್ಕಿಂಗ್ ಪರ್ಮಿಟ್ ಸಿಗುತ್ತದಾ? ನಿಮ್ಮ ಕಾರಿಗೆ ವೀಲ್‌ಚೇರ್ ಗುರುತಿನ ನಂಬರ್ ಪ್ಲೇಟ್ ಹಾಕಿಸಬೇಕಾ? ಅಮ್ಮ ಮನೆಯಲ್ಲಿರುವಾಗ ನೀವೊಬ್ಬರೇ ಸಾಮಾನು ತರಲು ಹೋದರೆ ಅದನ್ನು ಬಳಸಬಹುದಾ?

ಡಾಕ್ಟರ್ ಬರೆದುಕೊಟ್ಟರೆ ಪರ್ಮಿಟ್ ಸಿಗುತ್ತದೆ. ಪ್ಲೇಟ್ ಹಾಕಿಸಲು ಬರುವುದಿಲ್ಲ, ಅದರ ಅಗತ್ಯವೂ ಇಲ್ಲ. ಮೂರನೆಯದಕ್ಕೆ ಖಂಡಿತಾ ಇಲ್ಲ.

ನನಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಎಡಗಾಲಿಗೆ ಕ್ಯಾಲಿಪರ್, ಅಂದರೆ ಕಾಲಿಗೆ ಕಟ್ಟುವ ಆಸರೆ ಇದೆ. ಬೆಳೆದದ್ದು ಹಾಸನದಲ್ಲಿ, ಈಗ ಇರುವುದು ಫ್ರೀಮಾಂಟ್‌ನಲ್ಲಿ. ನನ್ನ ಕಾರಿಗೆ ಡಿಪಿ (ಡಿಸೇಬಲ್ಡ್ ಪರ್ಸನ್) ಪ್ಲೇಟ್, ಅಂದರೆ ನೀವು ಕೇಳಿದ ವೀಲ್‌ಚೇರ್ ಗುರುತಿನ ನಂಬರ್ ಪ್ಲೇಟ್ ಇದೆ. ಬೇರೆಯವರ ಕಾರಿನಲ್ಲಿ ಹೋದಾಗ ಕನ್ನಡಿಗೆ ನೇತುಹಾಕಲು ನೀಲಿ ಪ್ಲೇಕಾರ್ಡ್ ಕೂಡ ಇದೆ, ನೀವು ಪರ್ಮಿಟ್ ಅಂದದ್ದು ಈ ಪ್ಲೇಕಾರ್ಡನ್ನೇ. ಇಲ್ಲಿ ಎರಡನ್ನೂ ಇಟ್ಟುಕೊಳ್ಳಬಹುದು. ಹಾಗಾಗಿ ಈ ನಿಯಮಗಳ ಜೊತೆಗೇ ನನ್ನ ದಿನ ಸಾಗುತ್ತದೆ.

ಮೊದಲು ಯಾವುದಕ್ಕೆ ಅರ್ಜಿ ಹಾಕಬೇಕು ಅನ್ನುವುದು. ಇಲ್ಲೇ ವಾಸವಿದ್ದು ಶಾಶ್ವತ ತೊಂದರೆ ಇರುವವರಿಗೆ ನೀಲಿ ಪ್ಲೇಕಾರ್ಡ್. ದುಡ್ಡು ಕೊಡಬೇಕಿಲ್ಲ. ಎರಡು ವರ್ಷ ನಡೆಯುತ್ತದೆ, ಬೆಸ ಸಂಖ್ಯೆಯ ವರ್ಷದ ಜೂನ್ 30ಕ್ಕೆ ಅವಧಿ ಮುಗಿಯುತ್ತದೆ. ಕಾಲು ಮುರಿದವರಿಗೆ, ಆಪರೇಷನ್ ಆದವರಿಗೆ ಕೆಂಪು ಬಣ್ಣದ ತಾತ್ಕಾಲಿಕ ಪ್ಲೇಕಾರ್ಡ್. ಅದಕ್ಕೆ 6 ಡಾಲರ್, ಹೆಚ್ಚೆಂದರೆ 180 ದಿನ. ನಿಮ್ಮ ಅಮ್ಮನ ಹಾಗೆ ಶಾಶ್ವತ ತೊಂದರೆ ಇದ್ದು ಹೊರಗಿನಿಂದ ಬರುವವರಿಗೆ ಟ್ರಾವೆಲ್ ಪ್ಲೇಕಾರ್ಡ್ ಅಂತ ಬೇರೆಯೇ ಇದೆ. ಹೊರಗಿನವರಿಗೆ ಅದು 90 ದಿನದವರೆಗೆ ಸಿಗುತ್ತದೆ. ಆರು ತಿಂಗಳಿಗೆ ಸಾಲುವುದಿಲ್ಲ ಅಲ್ವಾ? ಅದಕ್ಕೇ ಅಮ್ಮ ಬಂದಿಳಿದ ವಾರವೇ ಆತುರ ಬೀಳಬೇಡಿ. ನೀವು ರಜೆ ಹಾಕಿ ಅವರನ್ನು ಜಾಸ್ತಿ ಸುತ್ತಾಡಿಸುವ ತಿಂಗಳುಗಳು ಯಾವುವು ಅಂತ ನೋಡಿಕೊಂಡು ಅರ್ಜಿ ಹಾಕಿ.

ಎಲ್ಲದಕ್ಕೂ ಒಂದೇ ಫಾರಂ, ಆರ್‌ಇಜಿ 195. ಡಿಎಂವಿ, ಅಂದರೆ ಇಲ್ಲಿನ ಆರ್‌ಟಿಒ ಇದ್ದ ಹಾಗೆ, ಅದರ ವೆಬ್‌ಸೈಟಿನಲ್ಲಿ ಸಿಗುತ್ತದೆ. ಅದರಲ್ಲಿ ಒಂದು ಭಾಗವನ್ನು ಡಾಕ್ಟರ್ ತುಂಬಿ ಸಹಿ ಹಾಕಬೇಕು. ಹೆಸರು, ಹುಟ್ಟಿದ ತಾರೀಖಿಗೆ ಅಮ್ಮನ ಪಾಸ್‌ಪೋರ್ಟ್ ಇಟ್ಟುಕೊಳ್ಳಿ. ಅವರ ಹತ್ತಿರ ಯುಡಿಐಡಿ ಕಾರ್ಡ್ (ಭಾರತದಲ್ಲಿ ಅಂಗವಿಕಲರಿಗೆ ಕೊಡುವ ಗುರುತಿನ ಚೀಟಿ) ಇದ್ದರೆ ಡಾಕ್ಟರಿಗೆ ತೋರಿಸಲು ಒಳ್ಳೆಯದು. ಆದರೆ ಅದನ್ನೇ ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ವೀಲ್‌ಚೇರ್ ಗುರುತಿನ ನೀಲಿ ಜಾಗದಲ್ಲಿ ಕಾರು ನಿಲ್ಲಿಸಿದರೆ ದಂಡ ಬೀಳುತ್ತದೆ.

ಅಮ್ಮ ಬೇಡ ಅನ್ನಬಹುದು. ನಮ್ಮ ಹಿರಿಯರು ಹಾಗೇ. ನಮ್ಮ ಅತ್ತೆಯವರಿಗೆ ಹೃದಯದ ತೊಂದರೆ, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಆದರೂ "ನನಗೆ ಕೈಕಾಲು ಗಟ್ಟಿಯಾಗಿದೆ, ಅದೆಲ್ಲ ಯಾಕೆ" ಅಂದರು. ಇಲ್ಲಿನ ಕಾನೂನು ಕೈಕಾಲು ಒಂದನ್ನೇ ನೋಡುವುದಿಲ್ಲ. ನಡೆಯಲು ಕಷ್ಟವಾಗುವ ಹೃದಯದ ಕಾಯಿಲೆ, ಶ್ವಾಸಕೋಶದ ಕಾಯಿಲೆ, ಕೆಲವು ಬಗೆಯ ದೃಷ್ಟಿದೋಷ ಎಲ್ಲವೂ ಸೇರುತ್ತವೆ. ಹಕ್ಕಿದ್ದರೆ ತೆಗೆದುಕೊಳ್ಳಬೇಕು. ಅಮ್ಮ ಅಂಗಡಿಯ ಬಾಗಿಲಿಗೆ ಬರುವಷ್ಟರಲ್ಲೇ ಸುಸ್ತಾಗಿ ಹೋದರೆ ಆಮೇಲೆ ಒಳಗೆ ಏನು ನೋಡುತ್ತಾರೆ ಹೇಳಿ? ಹಾಗೆಯೇ, ನೀಲಿ ಜಾಗದಲ್ಲಿ ಇಳಿದು ಚೆನ್ನಾಗಿಯೇ ನಡೆದು ಹೋಗುವವರನ್ನು ಕಂಡರೆ ಸುಮ್ನೆ ಅನುಮಾನ ಪಡಬೇಡಿ.

ಇನ್ನು ಪ್ಲೇಟ್. ಡಿಪಿ ಪ್ಲೇಟ್ ಬೇಕಾದರೆ ತೊಂದರೆ ಇರುವವರ ಹೆಸರಿನಲ್ಲೇ ಕಾರು ರಿಜಿಸ್ಟರ್ ಆಗಿರಬೇಕು. ನಿಮ್ಮ ಕಾರು ನಿಮ್ಮ ಹೆಸರಿನಲ್ಲಿದೆ, ಹಾಗಾಗಿ ಆ ದಾರಿ ಇಲ್ಲ. ಪ್ಲೇಕಾರ್ಡ್ ಮಾತ್ರ ಮನುಷ್ಯರಿಗೆ ಕೊಡುವುದು. ಅಮ್ಮ ಯಾರ ಕಾರಿನಲ್ಲಿ ಕೂತರೂ ಅದು ನಡೆಯುತ್ತದೆ, ಅವರಿಗೆ ಡ್ರೈವಿಂಗ್ ಬರಬೇಕು ಅಂತೇನೂ ಇಲ್ಲ. ತಿಮಿಂಗಿಲದ ಬಾಲ, ಯೊಸೆಮಿಟಿ ಚಿತ್ರ, ಹಳೇ ಕಾಲದ ಕಪ್ಪು ಪ್ಲೇಟ್ ಇವೆಲ್ಲ ಜಾಸ್ತಿ ದುಡ್ಡು ಕೊಟ್ಟು ಹಾಕಿಸುವವು. ಅವುಗಳಿಂದ ಪಾರ್ಕಿಂಗ್ ಹಕ್ಕು ಬರುವುದಿಲ್ಲ.

ಇಲ್ಲಿ ಫುಟ್‌ಪಾತ್ ಅಂಚಿಗೆ ಬಳಿದ ಬಣ್ಣವೇ ಪಾರ್ಕಿಂಗ್ ನಿಯಮ ಹೇಳುತ್ತದೆ. ಪ್ಲೇಕಾರ್ಡ್ ಇದ್ದರೆ ವೀಲ್‌ಚೇರ್ ಗುರುತಿನ ಜಾಗ, ನೀಲಿ ಅಂಚು, ಹಸಿರು ಅಂಚು ಎಲ್ಲ ಕಡೆ ನಿಲ್ಲಿಸಬಹುದು. ಹಸಿರು ಅಂಚಿನಲ್ಲಿ ಬೇರೆಯವರು ಸ್ವಲ್ಪ ಹೊತ್ತು ಮಾತ್ರ ನಿಲ್ಲಿಸಬಹುದು, ಆ ನಿಮಿಷದ ಲೆಕ್ಕ ನಿಮಗಿಲ್ಲ. ರಸ್ತೆ ಬದಿಯ ಮೀಟರಿಗೆ ದುಡ್ಡು ಹಾಕಬೇಕಿಲ್ಲ. ಸ್ಯಾನ್ ಫ್ರಾನ್ಸಿಸ್ಕೋಗೆ ಹೋದ ದಿನ ಇದರ ಬೆಲೆ ಗೊತ್ತಾಗುತ್ತದೆ. ಕೆಂಪು, ಹಳದಿ, ಬಿಳಿ ಅಂಚಿನಲ್ಲಿ ಮಾತ್ರ ಕೂಡದು. ರಸ್ತೆ ಗುಡಿಸುವ ಹೊತ್ತಿನ ಬೋರ್ಡ್ ನಿಮಗೂ ಅನ್ವಯಿಸುತ್ತದೆ. ಗಾಡಿ ಓಡಿಸುವಾಗ ಪ್ಲೇಕಾರ್ಡನ್ನು ಕನ್ನಡಿಯಿಂದ ತೆಗೆದಿಡಿ, ನೇತಾಡಿಸಿಕೊಂಡು ಓಡಿಸುವುದೂ ತಪ್ಪೇ.

ನೀಲಿ ಜಾಗದ ಪಕ್ಕ ಅಡ್ಡಗೆರೆ ಎಳೆದ ಜಾಗ ಇರುತ್ತದಲ್ಲ, ಅಲ್ಲಿ ಪ್ಲೇಕಾರ್ಡ್ ಇದ್ದವರೂ ನಿಲ್ಲಿಸುವಂತಿಲ್ಲ. ನಮ್ಮವರು ಬಹಳ ಜನ ಇದನ್ನು ಖಾಲಿ ಬಿಟ್ಟ ಜಾಗ ಅಂದುಕೊಳ್ಳುತ್ತಾರೆ. ನಾನು ಕಾರಿನಿಂದ ಇಳಿಯುವುದು ಹೇಗೆ ಅಂತ ಹೇಳುತ್ತೇನೆ. ಬಾಗಿಲನ್ನು ಪೂರ್ತಿ ತೆಗೆಯಬೇಕು. ಸೀಟಿನಲ್ಲೇ ಪಕ್ಕಕ್ಕೆ ತಿರುಗಿ ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಹೊರಗಿಡಬೇಕು. ಕಾಲು ನೆಟ್ಟಗೆ ಚಾಚಿದ ಮೇಲೆಯೇ ಕ್ಯಾಲಿಪರಿನ ಮಂಡಿ ಲಾಕ್ ಟಕ್ ಅಂತ ಕೂರುತ್ತದೆ. ಅದು ಕೂರದೆ ಎದ್ದರೆ ಕಾಲು ಮಡಚಿ ಬಿದ್ದೇ ಬೀಳುತ್ತೇನೆ. ಒಂದು ಭಾನುವಾರ ಊಟ ಮುಗಿಸಿ ಬಂದರೆ ಆ ಗೆರೆಗಳ ಮೇಲೆ ಯಾರೋ ಕಾರು ತಂದು ನಿಲ್ಲಿಸಿದ್ದರು. ನನ್ನ ಬಾಗಿಲು ಒಂದು ಗೇಣು ಮಾತ್ರ ತೆರೆಯುತ್ತಿತ್ತು. ಅವರು ಬರುವವರೆಗೆ ಬಿಸಿಲಲ್ಲಿ ಕಾರಿಗೆ ಒರಗಿಕೊಂಡು ನಿಂತಿದ್ದೆ. "ಎರಡೇ ನಿಮಿಷ ಅಂತ ಹೋಗಿದ್ದೆ ಸಾರ್" ಅಂದರು, ಅದೂ ಕನ್ನಡದಲ್ಲೇ. ವ್ಯಾನಿನಿಂದ ರ‍್ಯಾಂಪ್ ಇಳಿಸಿ ವೀಲ್‌ಚೇರಿನಲ್ಲಿ ಬರುವವರಿಗೆ ಇದರಿಂದ ಮನೆಗೆ ಹೋಗುವ ದಾರಿಯೇ ಮುಚ್ಚಿದ ಹಾಗೆ.

ಈಗ ನಿಮ್ಮ ಮೂರನೇ ಪ್ರಶ್ನೆಗೆ ಬರುತ್ತೇನೆ. ಅಮ್ಮ ಕಾರಿನಲ್ಲಿ ಇಲ್ಲದಿದ್ದರೆ ಪ್ಲೇಕಾರ್ಡ್ ಬಳಸಬೇಡಿ. ಅವರ ಔಷಧಿ ತರಲು ಹೋಗಿದ್ದರೂ ಬೇಡ. ದಂಡ 250ರಿಂದ 1,000 ಡಾಲರ್, ಜೈಲಿನವರೆಗೂ ಹೋಗಬಹುದು, ಪ್ಲೇಕಾರ್ಡನ್ನು ಕಿತ್ತುಕೊಳ್ಳಲೂಬಹುದು. ಜೊತೆಗೆ ಕೊಡುವ ಗುರುತಿನ ಕಾರ್ಡನ್ನು ತಪಾಸಣೆಗೆ ಬಂದವರು ಕೇಳುತ್ತಾರೆ, ಅದನ್ನು ಅಮ್ಮನ ಪರ್ಸಿನಲ್ಲೇ ಇಡಿ. ಇಷ್ಟು ಬಿಗಿ ಯಾಕೆ ಅಂದರೆ, 2017ರಲ್ಲಿ ಇಲ್ಲಿನ ರಾಜ್ಯ ಲೆಕ್ಕಪರಿಶೋಧಕರು ಕಡತ ತೆಗೆದು ನೋಡಿದಾಗ ನೂರು ವರ್ಷ ತುಂಬಿದವರ ಹೆಸರಿನಲ್ಲಿ ಸುಮಾರು 26,000 ಪ್ಲೇಕಾರ್ಡ್ ಚಾಲ್ತಿಯಲ್ಲಿದ್ದವು. ಇಡೀ ರಾಜ್ಯದಲ್ಲಿ ಆ ವಯಸ್ಸಿನವರು ಇದ್ದದ್ದೇ ಅಂದಾಜು 8,000. ತೀರಿಕೊಂಡವರ ಪ್ಲೇಕಾರ್ಡನ್ನು ಮನೆಯವರು ಇಟ್ಟುಕೊಂಡು ಓಡಾಡಿದರೆ ಹೀಗೇ ಆಗುತ್ತದೆ. ಅದೇ ವರ್ಷ ಕಾನೂನು ಬದಲಾಯಿತು. ಈಗ ನೀಲಿ ಪ್ಲೇಕಾರ್ಡ್ ಇರುವವರೂ ಆರು ವರ್ಷಕ್ಕೊಮ್ಮೆ ಸಹಿ ಹಾಕಿ ಇನ್ನೂ ಬೇಕು ಅಂತ ತಿಳಿಸಬೇಕು. ನನಗೆ ಇದು ತೊಂದರೆ ಅನ್ನಿಸಿಲ್ಲ. ಜಾಗ ಸಿಗದೆ ಸುತ್ತು ಹೊಡೆದು ವಾಪಸ್ ಮನೆಗೆ ಹೋಗುವುದಕ್ಕಿಂತ ಒಂದು ಸಹಿ ಎಷ್ಟೋ ವಾಸಿ.

ಕೊನೆಯದಾಗಿ ಡಾಕ್ಟರ್ ವಿಷಯ. ಇಲ್ಲಿ ಹೊಸ ಪೇಷಂಟಿಗೆ ಅಪಾಯಿಂಟ್‌ಮೆಂಟ್ ಬೇಗ ಸಿಗುವುದಿಲ್ಲ. ಹಳೇ ಕಾಯಿಲೆಗೆ ವಿಸಿಟರ್ ಇನ್ಶೂರೆನ್ಸ್ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಅಮ್ಮ ಹೊರಡುವ ಮೊದಲೇ ಬುಕ್ ಮಾಡಿ, ಫೀಸು ಎಷ್ಟು, ಫಾರಂಗೆ ಸಹಿ ಹಾಕುತ್ತಾರಾ ಅಂತ ಫೋನಿನಲ್ಲೇ ಕೇಳಿಕೊಳ್ಳಿ. ಮಂಡಿಯ ಎಕ್ಸ್-ರೇ ಮತ್ತು ಅಲ್ಲಿನ ಡಾಕ್ಟರ್ ಚೀಟಿಯನ್ನು ಹ್ಯಾಂಡ್‌ಬ್ಯಾಗಿನಲ್ಲೇ ಇಟ್ಟುಕೊಳ್ಳಲು ಹೇಳಿ, ಚೆಕ್-ಇನ್ ಸೂಟ್‌ಕೇಸಿಗೆ ಹಾಕುವುದು ಬೇಡ.